ದಿಲ್ಲಿಯ ಗಾಡಿ ಹತ್ತುವ ಮೊದಲು



ಹಿಂಗಾರಿ ಜೋಳದ ರಾಶಿ ಮುಗಿಯುತ್ತ ಬಂದಂತೆ ನಮ್ಮ ಬ್ಲಾಕಿನ ಹಳ್ಳಿಗಳಲ್ಲಿ ದೂರದ ಪ್ರಯಾಣದ ಮಾತು ಏಳುತ್ತದೆ. ಕೆಲವರಿಗೆ ದಿಲ್ಲಿಯ ಪುಸಾ ಸಂಸ್ಥೆಯ ಕೃಷಿ ಮೇಳವನ್ನು ನೋಡುವ ಆಸೆ. ಕೆಲವರಿಗೆ ಕಾಶಿ. ಇನ್ನು ಕೆಲವರಿಗೆ ಸೈನ್ಯದಲ್ಲಿರುವ ಮಗನನ್ನು ಕಂಡು ಬರುವ ತವಕ. ಮೇಳದಲ್ಲಿ ಏನು ನೋಡಬೇಕು, ಯಾವ ಬೀಜ ತರಬೇಕು ಎಂದು ನನ್ನನ್ನು ಕೇಳುವವರು ಬಹಳ ಮಂದಿ ಇದ್ದಾರೆ. ಗಾಡಿಯಲ್ಲಿ ಹೇಗೆ ಹೋಗಬೇಕು ಎಂದು ಇದುವರೆಗೆ ಯಾರೂ ಕೇಳಿಲ್ಲ. ಹತ್ತಿ ಕುಳಿತರೆ ಅದೇ ಒಯ್ಯುತ್ತದೆ ಎಂಬ ಭಾವನೆ ನಮ್ಮೆಲ್ಲರಲ್ಲಿಯೂ ಇದೆ. ನನ್ನಲ್ಲಿಯೂ ಇತ್ತು. ಎರಡು ವರ್ಷದ ಹಿಂದೆ ಅದು ಬಿಟ್ಟುಹೋಯಿತು.

ಆಗ ನಾವು 14 ಜನ ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಪುಸಾ ಮೇಳಕ್ಕೆ ಹೊರಟೆವು. ಟಿಕೆಟು ತೆಗೆಸುವ ಕೆಲಸವನ್ನು ಪೇಟೆಯ ಒಬ್ಬ ಏಜಂಟರಿಗೆ ಒಪ್ಪಿಸಿದ್ದೆವು. ಅವರು ಕೊಟ್ಟ ಚೀಟಿಗಳನ್ನು ನಾನು ಎಣಿಸಿಕೊಂಡೆನೇ ಹೊರತು ಓದಲಿಲ್ಲ. ಡಿಪ್ಲೊಮಾ ಓದಿದವನು ನಾನೊಬ್ಬನೇ. ಆದುದರಿಂದ ಈ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ. ಗಾಡಿ ಹತ್ತಿದ ಮೇಲೆ ತಿಳಿಯಿತು: 8 ಜನರಿಗೆ ಮಾತ್ರ ಮಲಗುವ ಬರ್ತು ನಿಶ್ಚಯವಾಗಿತ್ತು. ಇಬ್ಬರದು ಆರ್.ಎ.ಸಿ. ಉಳಿದ ನಾಲ್ವರದು ವೇಟಿಂಗ್ ಲಿಸ್ಟು. ಆ ನಾಲ್ವರಲ್ಲಿ ನಾನೂ ಒಬ್ಬ. ಟಿಕೆಟು ನೋಡುವ ಅಧಿಕಾರಿ ಒಳ್ಳೆಯ ಮಾತಿನಲ್ಲಿಯೇ ಹೇಳಿ, ನಮ್ಮನ್ನು ಸೊಲ್ಲಾಪುರದಲ್ಲಿ ಇಳಿಸಿ ಸಾಮಾನ್ಯ ಬೋಗಿಗೆ ಕಳುಹಿಸಿದರು. ಅವರು ಮಾಡಿದ್ದು ನಿಯಮದಂತೆಯೇ ಇತ್ತು.

ಆರ್.ಎ.ಸಿ. ಟಿಕೆಟು ಇದ್ದವರು ಒಬ್ಬ ವೃದ್ಧ ದಂಪತಿಗಳು. ಇಬ್ಬರಿಗೂ ಕೂಡಿ ಒಂದೇ ಬರ್ತು. ಅದು ಬಾಗಿಲ ಪಕ್ಕದಲ್ಲಿತ್ತು. ಸಂಡಾಸಿಗೆ ಹೋಗುವ ದಾರಿಯಲ್ಲಿ ಜನ ಸಾಮಾನು ಹಾಕಿಕೊಂಡು ಕುಳಿತಿದ್ದರು. ಅಷ್ಟು ಗಂಡಸರನ್ನು ದಾಟಿಕೊಂಡು ಹೋಗಲು ಆ ತಾಯಿಗೆ ಸಂಕೋಚ. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ನೀರನ್ನೇ ಕುಡಿಯದಿರುವುದು. ರಾತ್ರಿ ಮನೆ ಬಿಟ್ಟಾಗಿನಿಂದ ಮರುದಿನ ಮಧ್ಯಾಹ್ನದವರೆಗೆ ಒಂದು ಗುಟುಕೂ ಕುಡಿದಿರಲಿಲ್ಲ. ಫೆಬ್ರವರಿ ತಿಂಗಳಾದರೂ ದೌಂಡು ದಾಟಿದ ಮೇಲೆ ಬೋಗಿಯೊಳಗೆ ಕಾವು ಏರಿತು. ಮನಮಾಡದ ಹತ್ತಿರ ಅವರ ಯಜಮಾನರಿಂದ ನನಗೆ ಫೋನು ಬಂತು. ಆಕೆ ಕಣ್ಣು ಕತ್ತಲೆಗೊಂಡು ಒರಗಿದ್ದರು. ನಾನಿದ್ದ ಬೋಗಿಯಿಂದ ಅವರ ಬೋಗಿಗೆ ಒಳಗಿನಿಂದ ದಾರಿಯಿರಲಿಲ್ಲ. ಮುಂದಿನ ನಿಲ್ದಾಣದವರೆಗೆ ನಾನು ಬಾಗಿಲ ಸರಳು ಹಿಡಿದು ನಿಂತುಕೊಳ್ಳುವುದಲ್ಲದೆ ಬೇರೇನೂ ಮಾಡುವಂತಿರಲಿಲ್ಲ. ಅವರ ಎದುರು ಕುಳಿತಿದ್ದ ಒಬ್ಬ ಹುಡುಗ 139ಕ್ಕೆ ಫೋನು ಮಾಡಿದ. ಭುಸಾವಳದಲ್ಲಿ ರೈಲ್ವೆಯ ವೈದ್ಯರು ಬೋಗಿಗೇ ಬಂದರು. ಉಪ್ಪು ಸಕ್ಕರೆಯ ನೀರು ಕುಡಿಸಿದರು. ಆಕೆ ಚೇತರಿಸಿಕೊಂಡರು, ಮೇಳವನ್ನೂ ನೋಡಿದರು. ಆದರೆ ಆ ಎರಡು ಗಂಟೆಗಳನ್ನು ನಾನು ಮರೆಯಲಾರೆ.

ಮುಂದೆ ಹೇಳುವುದೆಲ್ಲ ಅಂದು ನನಗೆ ತಿಳಿದಿರಬೇಕಾಗಿದ್ದ ಸಂಗತಿಗಳು.

ಮೊದಲನೆಯದು ತಾರೀಖು. ಇದು ನಮ್ಮ ಕಡೆಯವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ವಿಷಯ. ಬೆಂಗಳೂರಿನಿಂದ ಸಂಜೆ ಹೊರಡುವ ಈ ಗಾಡಿ ನಮ್ಮ ರಾಯಚೂರಿಗೆ ಬರುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಶುಕ್ರವಾರ ಊಟ ಮಾಡಿ ಹೊರಟರೂ ಗಾಡಿ ಹತ್ತುವುದು ಶನಿವಾರವೇ. ನಮಗೆ ಕೋಳಿ ಕೂಗುವವರೆಗೆ ಶುಕ್ರವಾರ, ರೈಲ್ವೆಗೆ ಹನ್ನೆರಡು ಹೊಡೆದರೆ ಶನಿವಾರ. ಶುಕ್ರವಾರದ ತಾರೀಖಿಗೆ ಟಿಕೆಟು ತೆಗೆಸಿದರೆ ತಮ್ಮ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ. ತಾವು ಯಾವ ಸ್ಟೇಷನ್ನಿನಲ್ಲಿ ಹತ್ತುತ್ತೀರೋ ಅಲ್ಲಿ ಗಾಡಿ ಬರುವ ತಾರೀಖನ್ನೇ ಅರ್ಜಿಯಲ್ಲಿ ಬರೆಯಬೇಕು.

ಎರಡನೆಯದು ಟಿಕೆಟಿನ ಮೇಲಿನ ಬರಹ. ಹೆಸರಿನ ಮುಂದೆ ಬೋಗಿಯ ಗುರುತು ಮತ್ತು ಬರ್ತಿನ ಸಂಖ್ಯೆ ಇದ್ದರೆ ಅದು ನಿಶ್ಚಿತ ಟಿಕೆಟು. ಆರ್.ಎ.ಸಿ. ಎಂದಿದ್ದರೆ ಗಾಡಿ ಹತ್ತುವ ಹಕ್ಕುಂಟು, ಕೂರಲು ಜಾಗವುಂಟು, ಮಲಗುವುದು ಅದೃಷ್ಟದ ಮಾತು. ದಾರಿಯ ಪಕ್ಕದ ಕೆಳಬರ್ತನ್ನು ಇಬ್ಬರಿಗೆ ಹಂಚಿರುತ್ತಾರೆ. ಯಾರಾದರೂ ಬಾರದೆ ಹೋದರೆ ಸರದಿಯಂತೆ ಪೂರ್ತಿ ಬರ್ತು ದೊರೆಯುತ್ತದೆ. ವೇಟಿಂಗ್ ಲಿಸ್ಟು ಎಂದಿದ್ದರೆ ಮೀಸಲು ಬೋಗಿಯಲ್ಲಿ ಕಾಲಿಡುವ ಹಕ್ಕೇ ಇಲ್ಲ. ಕಾಲುವೆಯಲ್ಲಿ ನೀರಿನ ಸರದಿ ಬರೆಸಿದವನಿಗೂ ನೀರು ಬಿಟ್ಟುಕೊಂಡವನಿಗೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ. ಗಾಡಿ ಹೊರಡುವುದಕ್ಕೆ ಕೆಲವು ಗಂಟೆ ಮೊದಲು ಕೊನೆಯ ಪಟ್ಟಿ ತಯಾರಾಗುತ್ತದೆ. ಟಿಕೆಟಿನ ಮೇಲೆ ಹತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ, ಅದಕ್ಕೆ ಪಿ.ಎನ್.ಆರ್. ಎನ್ನುತ್ತಾರೆ. 139ಕ್ಕೆ ಫೋನು ಮಾಡಿ ಅದನ್ನು ಹೇಳಿದರೆ ತಮ್ಮ ಸ್ಥಿತಿ ತಿಳಿಯುತ್ತದೆ. ಪಟ್ಟಿಯಾದ ಮೇಲೂ ವೇಟಿಂಗ್ ಲಿಸ್ಟಿನಲ್ಲಿಯೇ ಉಳಿದಿದ್ದರೆ, ಫೋನಿನ ಮೂಲಕ ತೆಗೆಸಿದ ಟಿಕೆಟು ತಾನಾಗಿಯೇ ರದ್ದಾಗಿ ಹಣ ಹಿಂದಕ್ಕೆ ಬರುತ್ತದೆ. ಕೌಂಟರಿನಲ್ಲಿ ತೆಗೆಸಿದ ಟಿಕೆಟಾದರೆ ಗಾಡಿ ಹೊರಡುವ ಅರ್ಧ ಗಂಟೆ ಮೊದಲೇ ರದ್ದು ಮಾಡಿಸಬೇಕು. "ಗಾಡಿಯಲ್ಲಿ ಟಿ.ಸಿ.ಗೆ ಹೇಳಿದರೆ ಆಗುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮಗೂ ಅದೇ ಮಾತನ್ನು ಹೇಳಿದ್ದರು.

ಮುಂಗಡ ಟಿಕೆಟನ್ನು ಈಗ ಪ್ರಯಾಣದ ದಿನಕ್ಕೆ 60 ದಿನ ಮೊದಲಿನಿಂದ ಕೊಡುತ್ತಾರೆ. 2024ರ ನವೆಂಬರಿನವರೆಗೆ ಇದು 120 ದಿನವಿತ್ತು. ದಿಲ್ಲಿಯ ಗಾಡಿಗಳು ಬೇಗ ತುಂಬುತ್ತವೆ. ಆದುದರಿಂದ ಮೇಳದ ತಾರೀಖು ತಿಳಿದ ದಿನವೇ ಪಂಚಾಂಗ ಹಿಡಿದು 60 ದಿನ ಹಿಂದಕ್ಕೆ ಎಣಿಸಿರಿ. 60 ವರ್ಷ ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಬರ್ತಿನ ಮೀಸಲಿದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಅಂಥವರು ಒಬ್ಬರೇ ಅಥವಾ ಇಬ್ಬರು ಮಾತ್ರ ಒಂದು ಟಿಕೆಟಿನಲ್ಲಿದ್ದರೆ ಈ ಮೀಸಲು ಅನ್ವಯಿಸುತ್ತದೆ. ಊರಿನ ಆರು ಜನರನ್ನು ಒಂದೇ ಟಿಕೆಟಿಗೆ ಸೇರಿಸಿದರೆ ಮುದುಕರಿಗೆ ಮೇಲಿನ ಬರ್ತು ಬಂದರೂ ಬಂದೀತು. ವಯಸ್ಸಾದವರ ಟಿಕೆಟನ್ನು ಬೇರೆಯಾಗಿಯೇ ತೆಗೆಸಿರಿ. ಹಿರಿಯರಿಗೆ ಮೊದಲು ಇದ್ದ ದರದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಅದನ್ನು ಲೆಕ್ಕಕ್ಕೆ ಹಿಡಿದು ಹಣ ಕೂಡಿಸಬೇಡಿ.

ಬರ್ತಿನ ಸಂಖ್ಯೆಯನ್ನು ನೋಡಿ ಅದು ಮೇಲೋ ಕೆಳಗೋ ಎಂದು ಮನೆಯಲ್ಲಿಯೇ ತಿಳಿಯಬಹುದು. ಸ್ಲೀಪರ್ ಬೋಗಿಯಲ್ಲಿ ಎಂಟೆಂಟು ಬರ್ತುಗಳ ಕಟ್ಟು ಇರುತ್ತದೆ. ಹಳೆಯ ಮಾದರಿಯ ಬೋಗಿಯಲ್ಲಿ ಇಂಥ 9 ಕಟ್ಟು, ಅಂದರೆ 72 ಬರ್ತು. ಹೊಸ ಮಾದರಿಯಲ್ಲಿ 10 ಕಟ್ಟು, 80 ಬರ್ತು. ತಮ್ಮ ಸಂಖ್ಯೆಯನ್ನು 8ರಿಂದ ಭಾಗಿಸಿರಿ. ಶೇಷ 1 ಅಥವಾ 4 ಬಂದರೆ ಕೆಳಬರ್ತು. 2 ಅಥವಾ 5 ಬಂದರೆ ನಡುವಿನದು. 3 ಅಥವಾ 6 ಬಂದರೆ ಮೇಲಿನದು. 7 ಬಂದರೆ ದಾರಿಯ ಪಕ್ಕದ ಕೆಳಗಿನದು, ಶೇಷವೇ ಉಳಿಯದಿದ್ದರೆ ದಾರಿಯ ಪಕ್ಕದ ಮೇಲಿನದು. 44 ಎಂದಿದ್ದರೆ ಎಂಟೈದಲಿ ನಲವತ್ತು ಕಳೆದು 4 ಉಳಿಯಿತು, ಕೆಳಬರ್ತು. ಮಕ್ಕಳಿಗೆ ಈ ಲೆಕ್ಕ ಕೊಡಿ, ಕ್ಷಣದಲ್ಲಿ ಹೇಳುತ್ತಾರೆ. ಬೋಗಿಯ ಎರಡು ತುದಿಗಳಲ್ಲಿ ಚಕ್ರಗಳ ಕುಲುಕಾಟ, ಬಾಗಿಲ ಸದ್ದು, ಸಂಡಾಸಿನ ವಾಸನೆ ಹೆಚ್ಚು. ನಡುಭಾಗದಲ್ಲಿ ಇವೆಲ್ಲ ಕಡಿಮೆ. ಗುಂಪಾಗಿ ಹೋಗುವವರು ನಡುವಿನ ಬರ್ತುಗಳನ್ನು ವಯಸ್ಸಾದವರಿಗೆ ಬಿಟ್ಟು ತುದಿಯವನ್ನು ಯುವಕರು ಇಟ್ಟುಕೊಳ್ಳಬೇಕು.

ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ. 2017ರವರೆಗೆ ಇದು 9 ಗಂಟೆಗೇ ಆರಂಭವಾಗುತ್ತಿತ್ತು. ಈ ಎಂಟು ಗಂಟೆಗಳಲ್ಲಿ ನಡುವಿನ ಬರ್ತಿನವರು ತಮ್ಮ ಹಲಗೆಯನ್ನು ಎತ್ತಿ ಕಟ್ಟಬಹುದು, ಕೆಳಗಿನವರು ಬೇಡವೆನ್ನುವಂತಿಲ್ಲ. ಹಗಲಿನಲ್ಲಿ ಅದನ್ನು ಇಳಿಸಿ ಕೆಳಬರ್ತಿನ ಮೇಲೆ ಮೂವರೂ ಕೂರಬೇಕು, ಆಗ ಕೆಳಗಿನವರು ಕಾಲು ಚಾಚಿ ಮಲಗುವಂತಿಲ್ಲ. ರೋಗಿಗಳು, ಗರ್ಭಿಣಿಯರು ಮಲಗಿದ್ದರೆ ಉಳಿದವರು ಅನುಸರಿಸಿಕೊಳ್ಳಬೇಕು. ನಾವು ಹತ್ತುವಾಗ ನಡುರಾತ್ರಿ ಕಳೆದಿರುವುದರಿಂದ ನಮ್ಮ ಬರ್ತಿನ ಮೇಲೆ ಯಾರೋ ಗೊರಕೆ ಹೊಡೆಯುತ್ತಿರುವುದು ಸಾಮಾನ್ಯ. ಜಗಳ ಬೇಡ. ಟಿಕೆಟು ತೋರಿಸಿ ಎಬ್ಬಿಸಿರಿ. ಏಳದಿದ್ದರೆ ಟಿಕೆಟು ನೋಡುವ ಅಧಿಕಾರಿಯನ್ನು ಕರೆಯಿರಿ.

ಈ ಅನುಕೂಲಗಳು ಮೊದಲಿನಿಂದಲೂ ಇದ್ದವೆಂದು ಭಾವಿಸಬಾರದು. ಮುಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ. ಇದೇ ಹಳಿಯ ಮೇಲೆ ಮಹಾತ್ಮಾ ಗಾಂಧಿಯವರು ಮುಂಬಯಿಯಿಂದ ಮದ್ರಾಸಿಗೆ ಮೂರನೆಯ ದರ್ಜೆಯಲ್ಲಿ ಹೋದರು. 1917ರಲ್ಲಿ ಆ ಪ್ರಯಾಣವನ್ನು ಕುರಿತು ಬರೆದರು. ಟಿಕೆಟಿಗೆ ಅವರು ಕೊಟ್ಟದ್ದು 13 ರೂಪಾಯಿ 9 ಆಣೆ. 22 ಜನ ಕೂರಬಹುದೆಂದು ಬರೆದಿದ್ದ ಡಬ್ಬಿಯಲ್ಲಿ ದಾರಿಯ ಬಹುಭಾಗ 35ರವರೆಗೂ ಜನ ತುಂಬಿದ್ದರು. ಎರಡು ರಾತ್ರಿ ಕಳೆಯಬೇಕಾದ ಆ ಡಬ್ಬಿಯಲ್ಲಿ ನೆಮ್ಮದಿಯಾಗಿ ಮಲಗಲು ಹಲಗೆಯಿರಲಿಲ್ಲ. ನೆಲ ಗುಡಿಸುವವರಿರಲಿಲ್ಲ, ಸಂಡಾಸಿನ ತೊಟ್ಟಿಯಲ್ಲಿ ನೀರಿರಲಿಲ್ಲ. ನೂಕುನುಗ್ಗಲು ತಡೆಯಲಾರದಷ್ಟಾದದ್ದು ರಾಯಚೂರು ದಾಟಿದ ಮೇಲೆ ಎಂದು ಅವರೇ ಬರೆದಿದ್ದಾರೆ. ಹತ್ತಿದವರಲ್ಲಿ ನಮ್ಮ ಅಜ್ಜಂದಿರೂ ಇದ್ದಿರಬಹುದೇನೋ ಎಂದು ನನಗೆ ಅನ್ನಿಸುವುದುಂಟು.

ಅದಕ್ಕೂ ಹಿಂದೆ ಕೆಳದರ್ಜೆಯ ಬೋಗಿಗಳಲ್ಲಿ ಸಂಡಾಸೇ ಇರಲಿಲ್ಲ. ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಇಳಿದು ಹೋಗಬೇಕಾಗಿತ್ತು. ಬಂಗಾಳದ ಕಡೆಯ ಒಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕ ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು ಹಾಗೆ ಇಳಿದಾಗ, ಗಾರ್ಡು ಸೀಟಿ ಊದಿದ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತರ ಹಿಡಿದು ಓಡಿದ ಆತ ಪ್ಲಾಟ್‌ಫಾರಮಿನ ಮೇಲೆ ಎಲ್ಲರೆದುರು ಬಿದ್ದ. ಸಿಟ್ಟಿನಿಂದ 1909ರಲ್ಲಿ ರೈಲ್ವೆ ಕಚೇರಿಗೆ ಕಾಗದ ಬರೆದ. ಹರುಕುಮುರುಕು ಇಂಗ್ಲಿಷಿನ ಆ ಕಾಗದ ಇಂದಿಗೂ ಪ್ರಸಿದ್ಧವಾಗಿದೆ. ಓದಿದವರು ನಗುತ್ತಾರೆ. ನನಗಂತೂ ಅದನ್ನು ಓದಿ ನಗುವುದಕ್ಕಿಂತ ಅಂದು ನೀರು ಕುಡಿಯದೆ ಕುಳಿತ ಆ ತಾಯಿಯ ನೆನಪೇ ಹೆಚ್ಚಾಯಿತು. ಆಕೆ ಕಾಗದ ಬರೆಯಲಿಲ್ಲ, ಅಷ್ಟೇ ಭೇದ.

ಮೂರನೆಯ ದರ್ಜೆ ಎಂಬ ಹೆಸರು 1974ರಲ್ಲಿ ಹೋಯಿತು. ಹೆಸರು ಹೋದರೂ ಬರಿ ಮರದ ಹಲಗೆ ಉಳಿದಿತ್ತು. 1977ರಲ್ಲಿ ರೈಲ್ವೆ ಸಚಿವರಾದ ಮಧು ದಂಡವತೆಯವರು ಎರಡನೆಯ ದರ್ಜೆಯ ಬರ್ತುಗಳಿಗೆ ಎರಡು ಅಂಗುಲ ದಪ್ಪದ ಮೆತ್ತೆ ಹಾಕಿಸಲು ಆರಂಭಿಸಿದರು. ಎರಡು ಅಂಗುಲವೆಂದರೆ ಏನು ಮಹಾ ಎನ್ನಬೇಡಿ. ರಾಯಚೂರಿನಿಂದ ದಿಲ್ಲಿಗೆ ಸುಮಾರು 2,000 ಕಿಲೋಮೀಟರು. ಬರಿಯ ಹಲಗೆಯ ಮೇಲೆ ಅಷ್ಟು ದೂರ ಕುಲುಕಿಸಿಕೊಂಡು ಹೋದವರನ್ನು ಕೇಳಿ ನೋಡಿರಿ. ಇದಕ್ಕಿಂತ ದೂರದ ಗಾಡಿಗಳೂ ಇವೆ. ಅಸ್ಸಾಮಿನ ದಿಬ್ರುಗಢದಿಂದ ಕನ್ಯಾಕುಮಾರಿಗೆ ಹೋಗುವ ವಿವೇಕ ಎಕ್ಸ್‌ಪ್ರೆಸ್ಸಿನದು 4,000 ಕಿಲೋಮೀಟರಿಗೂ ಮೀರಿದ ದಾರಿ.

ಇನ್ನು ನೀರು ಮತ್ತು ಸಂಡಾಸಿನ ವಿಷಯ. ಈಗಿನ ಬೋಗಿಗಳ ಸಂಡಾಸಿನ ಕೆಳಗೆ ಒಂದು ತೊಟ್ಟಿ ಇರುತ್ತದೆ. ಮೊದಲಿನಂತೆ ಮಲ ಹಳಿಯ ಮೇಲೆ ಬೀಳುವುದಿಲ್ಲ. ತೊಟ್ಟಿಯಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳನ್ನು ಬಿಟ್ಟಿರುತ್ತಾರೆ. ಅವು ಮಲವನ್ನು ಕರಗಿಸಿ ನೀರು ಮತ್ತು ಅನಿಲವನ್ನಾಗಿ ಮಾಡುತ್ತವೆ. ನಮ್ಮ ಗೋಬರ್ ಗ್ಯಾಸಿನ ಗುಂಡಿಯಲ್ಲಿ ನಡೆಯುವ ಕೆಲಸವೇ ಇದು. ಗುಂಡಿಗೆ ಪ್ಲಾಸ್ಟಿಕ್ ಚೀಲ, ಬಟ್ಟೆ ಬಿದ್ದರೆ ಏನಾಗುತ್ತದೆಂದು ತಮಗೆ ಗೊತ್ತು. ಇಲ್ಲಿಯೂ ನೀರಿನ ಬಾಟಲಿ, ಗುಟ್ಕಾ ಚೀಟಿ, ಮಗುವಿನ ಬಟ್ಟೆ ಹಾಕಿದರೆ ಕೊಳವೆ ಕಟ್ಟಿ, ಮುಂದಿನ ಒಂದು ಹಗಲು ಒಂದು ರಾತ್ರಿ ಇಡೀ ಬೋಗಿಗೆ ಆ ಸಂಡಾಸು ಇಲ್ಲದಂತಾಗುತ್ತದೆ. ಕಸಕ್ಕೆ ಬಾಗಿಲ ಬಳಿ ಡಬ್ಬ ಇರುತ್ತದೆ.

ಬೋಗಿಯ ತೊಟ್ಟಿಗೆ ನೀರು ತುಂಬುವುದು ಎಲ್ಲ ಸ್ಟೇಷನ್ನಿನಲ್ಲಿ ಅಲ್ಲ, ಗೊತ್ತಾದ ಕೆಲವು ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ. ನಲ್ಲಿಯಲ್ಲಿ ನೀರು ಸಣ್ಣದಾದಾಗಲೇ 139ಕ್ಕೆ ಹೇಳಿದರೆ ಮುಂದಿನ ದೊಡ್ಡ ಸ್ಟೇಷನ್ನಿಗೆ ಸುದ್ದಿ ಮುಟ್ಟುತ್ತದೆ. ಪೂರ್ತಿ ಒಣಗಿದ ಮೇಲೆ ಹೇಳಿದರೆ ಆ ಸ್ಟೇಷನ್ನು ಹಿಂದೆ ಉಳಿದಿರಬಹುದು. ಫೋನು ಮಾಡುವಾಗ ಪಿ.ಎನ್.ಆರ್. ಸಂಖ್ಯೆ, ಬೋಗಿಯ ಗುರುತು ಕೈಯಲ್ಲಿರಲಿ. ಕಾಯಿಲೆ, ಕಳವು, ಹೆಂಗಸರಿಗೆ ತೊಂದರೆ, ಹೊಲಸು, ಎಲ್ಲದಕ್ಕೂ ಈಗ ಇದೊಂದೇ ಸಂಖ್ಯೆ. ದೂರು ಕೊಟ್ಟರೆ ಯಾರೋ ಬೈಯುತ್ತಾರೆಂದು ಹೆದರಬೇಕಾಗಿಲ್ಲ.

ಹೆಣ್ಣುಮಕ್ಕಳಿಗೆ ನನ್ನ ವಿಶೇಷ ವಿನಂತಿ. ನೀರು ಬಿಡಬೇಡಿ. ಮನೆಯಿಂದ ಹೊರಡುವಾಗಲೇ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಚಮಚ ಸಮಮಟ್ಟವಾಗಿರಲಿ, ಉಪ್ಪು ಹೆಚ್ಚಾಗಬಾರದು. ಆ ದಿನವೇ ಕುಡಿದು ಮುಗಿಸಬೇಕು. ಸಂಡಾಸಿಗೆ ಇಬ್ಬರು ಕೂಡಿ ಹೋಗಿರಿ, ಒಬ್ಬರು ಬಾಗಿಲಲ್ಲಿ ನಿಲ್ಲಲಿ. ಗುಂಪಿನ ಗಂಡಸರು ಮುಂದೆ ಹೋಗಿ ದಾರಿ ಬಿಡಿಸಿಕೊಡಬೇಕು. ಇದರಲ್ಲಿ ನಾಚಿಕೆಪಡುವುದೇನಿದೆ? ಬೆಳಿಗ್ಗೆ 5 ಗಂಟೆಗೆ ಎದ್ದರೆ ಸಾಲಿಲ್ಲ, ನೀರೂ ಇರುತ್ತದೆ. ಏಳು ಗಂಟೆಗೆ ಎದ್ದವರಿಗೆ ಎರಡೂ ಕಷ್ಟ.

ಬುತ್ತಿಯ ವಿಷಯದಲ್ಲಿ ನಾನು ತಮಗೆ ಹೇಳಿಕೊಡಬೇಕಾದದ್ದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ ದಿಲ್ಲಿಯವರೆಗೂ ಕೆಡುವುದಿಲ್ಲ. ಅನ್ನದ ಬುತ್ತಿಯನ್ನು ಮೊದಲ ಊಟಕ್ಕೇ ಮುಗಿಸಿರಿ. ಹಾಸಿಗೆಯನ್ನು ಸ್ಲೀಪರ್ ಬೋಗಿಯಲ್ಲಿ ಕೊಡುವುದಿಲ್ಲ. ನಮ್ಮಲ್ಲಿ ಸೆಕೆಯೆಂದು ಬರಿಗೈಯಲ್ಲಿ ಹೋದವರು ಭೋಪಾಲ ದಾಟಿದ ಮೇಲೆ ರಾತ್ರಿ ನಡುಗುತ್ತಾರೆ. ಒಂದು ಕಂಬಳಿ ಇರಲಿ. ಹವಾನಿಯಂತ್ರಿತ ಬೋಗಿಯಲ್ಲಿ ಹಾಸಿಗೆ ಕೊಡುತ್ತಾರೆ, ಆದರೆ ದರ ಎರಡು ಪಟ್ಟಿಗೂ ಹೆಚ್ಚು. ಕಾಯಿಲೆಯವರಿದ್ದರೆ ಮಾತ್ರ ಯೋಚಿಸಬಹುದು. ಕಿಟಕಿ ತೆರೆಯಲಾಗದೆ ಭುಸಾವಳದ ಬಾಳೆತೋಟಗಳ ಗಾಳಿ ತಪ್ಪಿಹೋಗುತ್ತದೆ ಎಂಬುದು ನನ್ನ ಸ್ವಂತ ಆಕ್ಷೇಪಣೆ. ಸ್ಲೀಪರಿನಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಉಚಿತ. ಬರುವಾಗ ಬೀಜದ ಚೀಲ ತರುವವರು ಇದನ್ನು ನೆನಪಿಡಬೇಕು.

ಸಾಮಾನ್ಯ ಬೋಗಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಸೊಲ್ಲಾಪುರದಿಂದ ದಿಲ್ಲಿಯವರೆಗೆ ನಾನು ಅದರಲ್ಲಿ ಹೋದೆ. ಕೂಲಿಗೆ ಹೋಗುವ ಹುಡುಗರು ಸಾಮಾನಿಡುವ ಹಲಗೆಯ ಮೇಲೂ ಬಾಗಿಲ ನಡುವೆಯೂ ಕುಳಿತಿದ್ದರು. ಇಟಾರ್ಸಿಯವರೆಗೆ ನಾನು ನಿಂತೇ ಇದ್ದೆ. ಅಲ್ಲಿ ಒಬ್ಬ ಹುಡುಗ ಇಳಿಯುವಾಗ ತನ್ನ ಜಾಗವನ್ನು ನನಗೆ ತೋರಿಸಿಕೊಟ್ಟ. ಸ್ಲೀಪರಿನ ಮಟ್ಟಿಗೆ ಗಾಂಧೀಜಿಯವರ ಕಾಲ ಕಳೆದಿದೆ, ಸಾಮಾನ್ಯ ಬೋಗಿಯಲ್ಲಿ ಅದು ಇನ್ನೂ ಪೂರ್ತಿ ಕಳೆದಿಲ್ಲವೆಂದೇ ನನ್ನ ಅಭಿಪ್ರಾಯ. 2023ರ ಡಿಸೆಂಬರಿನಲ್ಲಿ ಅಮೃತ ಭಾರತ ಎಂಬ ಹೆಸರಿನ ಹೊಸ ಗಾಡಿಗಳು ಆರಂಭವಾದವು. ಮೊದಲ ಎರಡರಲ್ಲಿ ಒಂದು ಬಂಗಾಳದ ಮಾಲ್ದಾದಿಂದ ಬೆಂಗಳೂರಿಗೆ ಬರುವಂಥದು. ಹವಾನಿಯಂತ್ರಣವಿಲ್ಲದ ಸ್ಲೀಪರ್ ಮತ್ತು ಸಾಮಾನ್ಯ ಬೋಗಿಗಳೇ ಅದರಲ್ಲಿವೆ. ಬೋಗಿಗಳ ಕೊಂಡಿಯನ್ನು ಕುಲುಕಾಟ ಕಡಿಮೆಯಾಗುವಂತೆ ಮಾಡಿದ್ದಾರೆ. ಬಡವರ ಬೋಗಿಯ ಕಡೆಗೂ ಗಮನ ಬಂದಿರುವುದು ಸಂತೋಷದ ಸಂಗತಿ. ಆದರೂ ಮುದುಕರನ್ನು, ಬಸುರಿಯರನ್ನು, ಚಿಕ್ಕ ಮಕ್ಕಳನ್ನು ಎರಡು ರಾತ್ರಿಯ ದಾರಿಗೆ ಸಾಮಾನ್ಯ ಬೋಗಿಯಲ್ಲಿ ಕರೆದೊಯ್ಯಬೇಡಿ. ಟಿಕೆಟು ಸಿಗದಿದ್ದರೆ ಆ ವರ್ಷ ಮೇಳ ಬಿಡಿ.

ಗಾಡಿ ಹತ್ತುವವರು ಗುರುತಿನ ಚೀಟಿಯ ಮೂಲಪ್ರತಿಯನ್ನು ಮರೆಯಬಾರದು. ಮುಂದಿನ ಮೇಳಕ್ಕೆ ಹೆಸರು ಕೊಡತಕ್ಕವರು ವಯಸ್ಸನ್ನು ಸರಿಯಾಗಿ ಬರೆಸಿರಿ, ಕೆಳಬರ್ತಿಗೆ ಅದೇ ಆಧಾರ. ಟಿಕೆಟು ಈಗಾಗಲೇ ತೆಗೆಸಿದವರು ಸಂತೆಯ ದಿನ ಬ್ಲಾಕ್ ಕಚೇರಿಗೆ ಬಂದಾಗ ಅದನ್ನು ಜೊತೆಗೆ ತನ್ನಿರಿ. ಈ ಸಾರಿ ನಾನು ಎಣಿಸುವುದಿಲ್ಲ, ಓದಿ ಹೇಳುತ್ತೇನೆ.